30 ಪೌಂಡಿನ ಬೇಸ್ ಗಿಟಾರ್

(ಕಾಲೇಜು ವಿದ್ಯಾರ್ಥಿಗಳ ಸಂಗೀತ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಭಾಷಣಕ್ಕೆ ಕರೆಯುವಾಗ ನಿಮ್ಮ ಕೂಟದವರು ನನ್ನ ಮುಂದಿಟ್ಟ ಪ್ರಶ್ನೆ ನೇರವಾದದ್ದು: ಕೈಯಲ್ಲಿ ಹಣ ಕಡಿಮೆ, ಹೊಸ ಬೇಸ್ ಗಿಟಾರ್ ಬೇಕು. ಅಗ್ಗದ್ದನ್ನು ಕೊಂಡರೆ ಹಣ ದಂಡವಾಗುತ್ತದೆಯೇ? ಇದರ ಹಿಂದೆ ಮನೆಯ ಹಿರಿಯರ ಪ್ರಶ್ನೆಯೊಂದೂ ಇದೆಯೆಂದು ಬಲ್ಲೆ: ಕೊಳ್ಳುವುದೇ ಆದರೆ ಹಾಡು ನುಡಿಸಬಹುದಾದ ಆರು ತಂತಿಯದನ್ನು ಕೊಳ್ಳಬಾರದೇ? ಬರೀ ಗುಂಯ್ ಎನ್ನುವ ಈ ನಾಲ್ಕು ತಂತಿಯದೇಕೆ?

ಹಿರಿಯರ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ. ಡಗ್ಗಾ ಬಿಟ್ಟು ಬರೀ ಬಲಗೈ ತಬಲಾ ನುಡಿಸಿದರೆ ಹೇಗಿರುತ್ತದೆ? ತಾಳದ ಲೆಕ್ಕ ತಪ್ಪುವುದಿಲ್ಲ, ಆದರೆ ನಾದಕ್ಕೆ ನೆಲವೇ ಇರುವುದಿಲ್ಲ. ವಾದ್ಯಮೇಳದಲ್ಲಿ ಆ ನೆಲವನ್ನು ಒದಗಿಸುವುದು ಬೇಸ್. 1981ರಲ್ಲಿ ತೆರೆಕಂಡ ಶಂಕರ್‌ನಾಗ್ ಅವರ 'ಗೀತಾ' ಚಿತ್ರಕ್ಕೆ ಇಳಯರಾಜಾ ಸಂಗೀತ ನೀಡಿದ್ದರು. ಅದರ ಹಾಡುಗಳನ್ನು ಇನ್ನೊಮ್ಮೆ ಹಾಕಿ, ಗಾಯಕರ ದನಿಯನ್ನು ಬಿಟ್ಟು ಅದರ ಕೆಳಗೆ ನಡೆಯುವ ತಂತಿಯ ನಾದಕ್ಕೆ ಕಿವಿಗೊಡಿ. ಮನೆಯವರಿಗೂ ಕೇಳಿಸಿ. ವಾದಕ್ಕಿಂತ ಅದು ಮೇಲು.

ಈ ವಾದ್ಯ ಬಹಳ ಹಳೆಯದಲ್ಲ. ಮೊದಲು ಈ ಕೆಲಸ ಮಾಡುತ್ತಿದ್ದುದು ಡಬಲ್ ಬೇಸ್ ಎಂಬ ಆಳೆತ್ತರದ ಪಿಟೀಲು. ಅದನ್ನು ಹೊತ್ತು ತಿರುಗುವುದು ಕಷ್ಟ; ಡ್ರಮ್ಮಿನ ಸದ್ದಿನ ನಡುವೆ ಅದರ ದನಿ ಮುಳುಗಿಹೋಗುತ್ತಿತ್ತು. 1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ಲಿಯೋ ಫೆಂಡರ್ ಎಂಬಾತ ಇದಕ್ಕೊಂದು ದಾರಿ ಕಂಡುಹಿಡಿದ. ಆತ ರೇಡಿಯೋ ರಿಪೇರಿಯಿಂದ ಈ ಕಸುಬಿಗೆ ಬಂದವನು. ಸ್ವತಃ ಗಿಟಾರ್ ನುಡಿಸಲು ಬಾರದವನು. ಡಬಲ್ ಬೇಸಿನ ಸುಮಾರು 42 ಅಂಗುಲದ ತಂತಿಯನ್ನು 34 ಅಂಗುಲಕ್ಕೆ ಇಳಿಸಿದ. ನಮ್ಮ ವೀಣೆಗಿರುವಂತೆ ಮೆಟ್ಟಿಲುಗಳನ್ನು ಕೂಡಿಸಿದ. ಬೆರಳು ಒತ್ತಿದಲ್ಲಿ ಸ್ವರ ಕರಾರುವಾಕ್ಕಾಗಿ ಹುಟ್ಟುವುದರಿಂದ ಅದಕ್ಕೆ 'ಪ್ರಿಸಿಷನ್ ಬೇಸ್' ಎಂದು ಹೆಸರಿಟ್ಟ.

ಆದರೆ ಅದು ಎಲ್ಲರ ಕೈಗೆ ಎಟುಕುವಂತಿರಲಿಲ್ಲ. ಅಮೆರಿಕದ ವಾದ್ಯಗಳ ಆಮದಿಗೆ ಬ್ರಿಟನ್ನಿನಲ್ಲಿ 1959ರವರೆಗೂ ನಿರ್ಬಂಧವಿತ್ತು. ನಿರ್ಬಂಧ ಹೋದ ಮೇಲೂ ಬೆಲೆ ದುಬಾರಿಯೇ. 1961ರಲ್ಲಿ ಲಿವರ್‌ಪೂಲಿನ ಕೆಲವು ಹುಡುಗರು ಜರ್ಮನಿಯ ಹ್ಯಾಂಬರ್ಗ್ ನಗರದ ಕ್ಲಬ್ಬುಗಳಲ್ಲಿ ರಾತ್ರಿಯೆಲ್ಲ ಹಾಡುತ್ತಿದ್ದರು. ಅವರ ಬೇಸ್ ವಾದಕ ಸ್ಟುವರ್ಟ್ ಸಟ್‌ಕ್ಲಿಫ್ ಚಿತ್ರಕಲೆಗೆಂದು ತಂಡ ಬಿಟ್ಟ. ಆ ಕೆಲಸ 19ರ ಆಸುಪಾಸಿನ ಪಾಲ್ ಮೆಕಾರ್ಟ್ನಿಯ ಹೆಗಲಿಗೆ ಬಿತ್ತು. ಹತ್ತಿ ವ್ಯಾಪಾರದ ನೌಕರನಾಗಿದ್ದ ಆತನ ತಂದೆ ಸಾಲಕ್ಕೆ ಕೈಹಾಕಬೇಡ ಎಂದು ಬುದ್ಧಿ ಹೇಳಿ ಬೆಳೆಸಿದ್ದವರು. ಫೆಂಡರ್ ಬೇಕೆಂದರೆ ಸುಮಾರು 100 ಪೌಂಡು. ಹುಡುಗನ ಶಕ್ತಿ 30 ಪೌಂಡಿನಷ್ಟು. ಆ ಬೆಲೆಗೆ ಅಲ್ಲಿನ ಅಂಗಡಿಯಲ್ಲಿ ಸಿಕ್ಕಿದ್ದು ಪಿಟೀಲಿನ ಆಕಾರದ ಒಂದು ಹಾಫ್ನರ್ ಬೇಸ್. ಎರಡೂ ಬದಿ ಒಂದೇ ಆಕಾರವಾದ್ದರಿಂದ, ಎಡಗೈಯವನಾದ ತಾನು ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣದು ಎಂಬುದು ಆತನ ಎಣಿಕೆ.

ಪಿಟೀಲಿನ ಆಕಾರವೇಕೆ? ಹಾಫ್ನರ್ ಮನೆತನ 1887ರಲ್ಲಿ ಕಸುಬು ಆರಂಭಿಸಿದ್ದು ಬೊಹೀಮಿಯಾದ ಷೋನ್‌ಬಾಖ್ ಎಂಬ ಪಿಟೀಲು ತಯಾರಕರ ಊರಿನಲ್ಲಿ. ಎರಡನೆಯ ಮಹಾಯುದ್ಧದ ನಂತರ ಅಲ್ಲಿನ ಜರ್ಮನ್ ಭಾಷಿಕರನ್ನು ಹೊರಹಾಕಲಾಯಿತು. ನೆಲೆ ಕಳೆದುಕೊಂಡ ಕುಶಲಕರ್ಮಿಗಳಲ್ಲಿ ಅನೇಕರು ಬವೇರಿಯಾದ ಬೂಬೆನ್‌ರಾಯ್ಟ್‌ನಲ್ಲಿ ಮತ್ತೆ ಅಂಗಡಿ ಹೂಡಿದರು. ವಾಲ್ಟರ್ ಹಾಫ್ನರ್ 1955ರಲ್ಲಿ ಈ ಬೇಸನ್ನು ರೂಪಿಸಿದಾಗ ಬಳಸಿದ್ದು ತಮಗೆ ಬರುತ್ತಿದ್ದ ಪಿಟೀಲಿನ ವಿದ್ಯೆಯನ್ನೇ. ಒಳಗೆ ಟೊಳ್ಳು, ಆದ್ದರಿಂದ ಹಗುರ. ತಂತಿ 30 ಅಂಗುಲ, ಆದ್ದರಿಂದ ಬೆರಳಿಗೆ ಸುಲಭ. ಬೀಟಲ್ಸ್ ತಂಡದ ಮೊದಲ ಧ್ವನಿಮುದ್ರಿಕೆಗಳಲ್ಲಿ ಕೇಳಿಸುವುದು ಈ ಅಗ್ಗದ ವಾದ್ಯವೇ.

ಹಾಗೆಂದು ಅಗ್ಗದ್ದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಉಳಿತಾಯ ಎಲ್ಲಿ ಆಗಿದೆ ಎಂಬುದನ್ನು ನೋಡಬೇಕು. ಜಪಾನಿನವರು ಫೆಂಡರನ್ನು ನಕಲು ಮಾಡಿ ಕಡಿಮೆ ಬೆಲೆಗೆ ಚೆನ್ನಾಗಿಯೇ ಮಾರತೊಡಗಿದಾಗ, 1982ರಲ್ಲಿ ಫೆಂಡರ್ ಕಂಪನಿಯೇ ಜಪಾನಿನಲ್ಲಿ 'ಸ್ಕ್ವಯರ್' ಎಂಬ ಹೆಸರಿನಲ್ಲಿ ಅಗ್ಗದ ಮಾದರಿಗಳನ್ನು ತಯಾರಿಸಿತು. ಮುಂದೆ ಆ ಕೆಲಸ ಕೊರಿಯಾ, ಚೀನಾ, ಇಂಡೊನೇಷ್ಯಾಗಳಿಗೂ ಹೋಯಿತು. ಇಂದು ಮರ ಕೊರೆಯುವುದು ಕಂಪ್ಯೂಟರ್ ನಡೆಸುವ ಯಂತ್ರ. ಆ ಕೆಲಸದಲ್ಲಿ ಅಗ್ಗದ್ದು ದುಬಾರಿಯದಕ್ಕಿಂತ ಬಹಳ ಹಿಂದೆ ಬೀಳುವುದಿಲ್ಲ. ಕೊರತೆ ಕಾಣುವುದು ಬಿರಡೆಗಳಲ್ಲಿ, ಒಳಗಿನ ವೈರುಗಳಲ್ಲಿ, ಕೈಯಿಂದ ಉಜ್ಜಿ ನಯ ಮಾಡಬೇಕಾದ ಮೆಟ್ಟಿಲುಗಳಲ್ಲಿ.

ಆದ್ದರಿಂದ ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಇಷ್ಟು ಮಾಡಿ. ದಂಡಿಯ ಅಂಚಿನುದ್ದಕ್ಕೂ ಬೆರಳಾಡಿಸಿ. ಒಣಹವೆಗೆ ಮರ ಕುಗ್ಗಿದ್ದರೆ ಮೆಟ್ಟಿಲಿನ ತುದಿ ಚುಚ್ಚುತ್ತದೆ. ಪ್ರತಿ ತಂತಿಯನ್ನೂ ಪ್ರತಿ ಮೆಟ್ಟಿಲಿನಲ್ಲೂ ಒತ್ತಿ ಮೀಟಿ. ಎಲ್ಲಾದರೂ ಗರಗರ ಎಂದರೆ ಅಂಗಡಿಯವರಿಗೆ ತೋರಿಸಿ. ಬರಿತಂತಿಯನ್ನು ಮೀಟಿ, ಆಮೇಲೆ 12ನೆಯ ಮೆಟ್ಟಿಲಿನಲ್ಲಿ ಒತ್ತಿ ಮೀಟಿ: ಅದೇ ಸ್ವರ ಒಂದು ಸ್ಥಾಯಿ ಮೇಲೆ ಶುದ್ಧವಾಗಿ ಬರಬೇಕು. ತುಸು ವ್ಯತ್ಯಾಸವಿದ್ದರೆ ಕುದುರೆಯನ್ನು ಸರಿಸಿ ಸರಿಪಡಿಸಬಹುದು. ದಂಡಿ ಸ್ವಲ್ಪ ಬಾಗಿದ್ದರೆ ಒಳಗಿನ ಉಕ್ಕಿನ ಸರಳನ್ನು ತಿರುಗಿಸಿ ಹದಕ್ಕೆ ತರಬಹುದು. ಆದರೆ ದಂಡಿ ತಿರುಚಿಕೊಂಡಿದ್ದರೆ ಎಷ್ಟು ಅಗ್ಗವಾದರೂ ಬಿಟ್ಟುಬನ್ನಿ.

ಇನ್ನೊಂದು ಮಾತು. ಇದ್ದ ಹಣವನ್ನೆಲ್ಲ ಗಿಟಾರಿಗೇ ಸುರಿಯಬೇಡಿ. ಬೇಸಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಮಾತ್ರ ಕಂಪಿಸುತ್ತದೆ. ಅಷ್ಟು ಕೆಳಗಿನ ನಾದವನ್ನು ಹೊರಡಿಸಲು ಮಾಮೂಲಿ ಗಿಟಾರಿನ ಚಿಕ್ಕ ಆಂಪ್ಲಿಫೈಯರಿಗೆ ಸಾಧ್ಯವಿಲ್ಲ. ದನಿ ಏರಿಸಿದರೆ ಅದರ ಸ್ಪೀಕರೇ ಹಾಳಾದೀತು. ಬೇಸಿಗೆಂದೇ ಮಾಡಿದ ಸಣ್ಣ ಆಂಪ್ಲಿಫೈಯರಿಗೆ ಒಂದು ಪಾಲು ತೆಗೆದಿಡಿ. ತಂತಿಯ ಖರ್ಚಿಗೆ ಹೆದರಬೇಡಿ. ಡೆಟ್ರಾಯಿಟಿನ ಮೋಟೌನ್ ಸಂಸ್ಥೆಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತಂತಿ ತುಂಡಾಗುವವರೆಗೂ ಅದನ್ನು ಬದಲಿಸುತ್ತಿರಲಿಲ್ಲ.

ಮೆಕಾರ್ಟ್ನಿಯ ಆ ಬೇಸ್ 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳುವಾಯಿತು. ಆ ವೇಳೆಗೆ ಆತ ಜಗತ್ಪ್ರಸಿದ್ಧ. ಬೇಕಾದ ವಾದ್ಯ ಕೊಳ್ಳುವ ಶಕ್ತಿಯಿತ್ತು. ಆದರೂ ಅದರ ಹುಡುಕಾಟ ನಡೆಯಿತು. ಅರ್ಧ ಶತಮಾನ ಕಳೆದ ಮೇಲೆ ಅದು ಒಡೆಯನ ಕೈಸೇರಿದ ಸುದ್ದಿ 2024ರಲ್ಲಿ ಹೊರಬಿತ್ತು. ಸಾಲವಿಲ್ಲದೆ ಕೊಂಡ, ದಿನವೂ ಕೈಯಲ್ಲಿದ್ದ ವಾದ್ಯ ಅದು. ನೀವೂ ಮನೆಯವರ ನಿದ್ದೆ ಕೆಡಿಸದಷ್ಟು ಬೆಲೆಯದನ್ನೇ ಕೊಳ್ಳಿ. ನುಡಿಸುವಾಗಲೂ ಅವರ ನಿದ್ದೆಯ ಕಡೆ ಗಮನವಿರಲಿ.