ತಾತನ ಹೆಬ್ಬೆಟ್ಟು
(ಮಾಡದಕೆರೆಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಕವಿತೆ ಓದು ಅಂತ ಕರೆದಿರಿ. ಇವತ್ತು ಕವಿತೆ ಬೇಡ, ಪಹಣಿ ಓದೋಣ. ಅದರ ಒಂಬತ್ತನೇ ಕಾಲಮ್ಮಿನಲ್ಲಿ ಜಮೀನಿನ ಒಡೆಯನ ಹೆಸರಿರುತ್ತದೆ. ನಮ್ಮ ತಾತನ ಹೆಸರು ಅಲ್ಲಿಂದ ಹೋಗಿ ನನಗಿಂತ ಹೆಚ್ಚು ವಯಸ್ಸಾಯಿತು.

ತಾತನಿಗೆ ಸರ್ಕಾರ ಎರಡೆಕರೆ ಕೊಟ್ಟಿತ್ತು. ಬರೀ ಕಲ್ಲುನೆಲ. ಅತ್ತೆಯ ಮದುವೆಗೆ ಸಾಲ ತಂದು ಹೆಬ್ಬೆಟ್ಟು ಒತ್ತಿದ. ಸಾಲದ ಪತ್ರ ಅಂದುಕೊಂಡಿದ್ದು ಕ್ರಯಪತ್ರವಾಗಿತ್ತು. ಈಗಲ್ಲಿ ತೆಂಗಿನ ತೋಟ. ನಮ್ಮಪ್ಪ ಅದೇ ತೋಟದಲ್ಲಿ ಕೂಲಿಗೆ ಕಾಯಿ ಸುಲಿದು, ಹಾಗೇ ಸತ್ತ.

ಅಪ್ಪ ಹೋದ ಮೇಲೆ ಒಬ್ಬ ವಕೀಲರ ಹತ್ತಿರ ಹೋದೆವು. ಮೊದಲ ದಿನವೇ ಖಾಲಿ ಹಾಳೆಗಳ ಮೇಲೆ ಅವ್ವನ ಸಹಿ ತಗೊಂಡರು. 'ವಾಯಿದೆ ಬಿದ್ದಿದೆ' ಅಂತ ಎರಡು ವರ್ಷ ದುಡ್ಡು ಕಟ್ಟಿಸಿಕೊಂಡರು. ವಿಚಾರಿಸಿದರೆ ಅರ್ಜಿಯನ್ನೇ ಹಾಕಿರಲಿಲ್ಲ! ಕೇಸ್ ನಂಬರ್ ಕೊಡಿ ಅಂತ ನಾನೂ ಕೇಳಿರಲಿಲ್ಲ. ಬಿ.ಎ. ಓದಿದವನು ಕೈಕಟ್ಟಿ ನಿಂತಿದ್ದೆ. ತಾತನ ಹೆಬ್ಬೆಟ್ಟಿಗೂ ನನ್ನ ಇಂಗ್ಲಿಷ್ ಸಹಿಗೂ ಏನು ವ್ಯತ್ಯಾಸ ಕಣ್ರೋ?

ಆಮೇಲೆ ತಿಳೀತು. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಪರಿಶಿಷ್ಟರಿಗೆ ವರಮಾನ ಎಷ್ಟೇ ಇರಲಿ, ವಕೀಲರನ್ನು ಪುಕ್ಕಟೆ ಕೊಡಬೇಕು. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರಾಯಿತು. ಹಾಗೆ ಸಿಕ್ಕಿದ ವಕೀಲರು, ಹೆಣ್ಣುಮಗಳು, ಮೊದಲು ಕೇಳಿದ್ದು: "ಇದು ಮಂಜೂರಾದ ಜಮೀನೋ, ತೋಟಿ ಇನಾಮೋ, ಕೊಂಡದ್ದೋ?"

ಈ ಪ್ರಶ್ನೆ ಚೆನ್ನಾಗಿ ನೆನಪಿಡಿ. ಅರಸರ ಕಾಲದಲ್ಲಿ ಬಂದ 1978ರ ಪಿ.ಟಿ.ಸಿ.ಎಲ್. ಕಾಯ್ದೆ ನಮಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ ಮಾತ್ರ. ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯ ಚಾಕರಿಯ ಜಮೀನು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಗೆ ಸೇರಿದ್ದು, ಇದರೊಳಗೆ ಬರೋದಿಲ್ಲ. ಒಂದರ ಬಾಗಿಲಿಗೆ ಇನ್ನೊಂದರ ಕೀಲಿ ಹಾಕಿ ಸೋತವರಿದ್ದಾರೆ. ಕಾಯ್ದೆ ಜಾರಿಯಾದದ್ದು 1-1-1979ಕ್ಕೆ. ಅದಕ್ಕೂ ಹಿಂದಿನ ಮಾರಾಟ ಮಂಜೂರಾತಿಯ ಷರತ್ತು ಮುರಿದಿದ್ದರೆ ಶೂನ್ಯ. ನಂತರದ್ದು ಸರ್ಕಾರದ ಪೂರ್ವಾನುಮತಿ ಇಲ್ಲದಿದ್ದರೆ ಶೂನ್ಯ. ತಾತನದು ಎರಡನೆಯದು. ಉಪವಿಭಾಗಾಧಿಕಾರಿ ಜಮೀನು ಬಿಡಿಸಿ ಮೂಲ ಮಂಜೂರಿದಾರನಿಗೆ, ಅವನಿಲ್ಲದಿದ್ದರೆ ವಾರಸುದಾರರಿಗೆ ಕೊಡಬೇಕು. ಜಮೀನ್ದಾರರು ಸುಪ್ರೀಂ ಕೋರ್ಟಿಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕಾಯ್ದೆ ಗೆದ್ದಿತು. 2017ರಲ್ಲಿ ಅದೇ ಕೋರ್ಟು, ತೀರಾ ತಡವಾಗಿ ಬಂದ ಅರ್ಜಿ ನಡೆಯೋದಿಲ್ಲ ಅಂದಿತು. ಹಸಿದವನು ತಡವಾಗಿ ಊಟಕ್ಕೆ ಬಂದ ಅಂತ ಎಲೆ ಎತ್ತಿದ ಹಾಗೆ. ಹೋರಾಟ ನಡೆದು 2023ರಲ್ಲಿ ತಿದ್ದುಪಡಿ ಬಂತು, ಕಾಲಮಿತಿ ಇಲ್ಲ ಅಂತ. ಆದರೂ ವಿಳಂಬದ ವಾದ ಕೋರ್ಟುಗಳಲ್ಲಿ ಪೂರ್ತಿ ಸತ್ತಿಲ್ಲ. ನಾಳೆ ನೋಡೋಣ ಅನ್ನಬೇಡಿ.

ಈಗ ನಮ್ಮ ಮನೆಯೊಳಗಿನ ಮಾತು. ವಾರಸುದಾರರು ಅಂದಮೇಲೆ ವಂಶವೃಕ್ಷ ಬೇಕು. ದೊಡ್ಡಪ್ಪ ಬರೆಸಿಕೊಂಡು ಬಂದ. ಅದರಲ್ಲಿ ಅವನಿದ್ದ, ನಮ್ಮಪ್ಪ ಇದ್ದ. ಅತ್ತೆ ಇರಲಿಲ್ಲ. "ಕೊಟ್ಟ ಹೆಣ್ಣಿಗೆ ಯಾತರ ಜಮೀನಲೇ?" ಅಂದ. ಯಾರ ಮದುವೆಗೆ ನೆಲ ಹೋಯಿತೋ ಅವಳೇ ಕಾಗದದಲ್ಲಿಲ್ಲ! ವಕೀಲರು ಅದನ್ನು ಮೇಜಿನ ಮೇಲೇ ಇಟ್ಟರು, ಕಡತಕ್ಕೆ ಸೇರಿಸಲಿಲ್ಲ. ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು, 1956ರಿಂದಲೇ. ಪಿತ್ರಾರ್ಜಿತದಲ್ಲೂ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಹಕ್ಕು ಬಂತು. ಹಿಂದೂ ಕೋಡ್ ಬಿಲ್ಲು ಪಾಸಾಗದೆ ಹೋದಾಗ 1951ರಲ್ಲಿ ಮಂತ್ರಿಗಿರಿ ಬಿಟ್ಟು ಬಂದವರು ಬಾಬಾಸಾಹೇಬರು. ಅವರ ಫೋಟೋ ದೊಡ್ಡಪ್ಪನ ಗೋಡೆ ಮೇಲೂ ಇದೆ. ನಾನು ಅದನ್ನೇ ಕೈ ಮಾಡಿ ತೋರಿಸಿದೆ. ಮೂರು ತಿಂಗಳು ಮಾತು ಬಿಟ್ಟ. ಆಮೇಲೆ ತಾನೇ ನಾಡಕಚೇರಿಗೆ ಹೋಗಿ ಹೊಸದು ಮಾಡಿಸಿಕೊಂಡು ಬಂದ, ಮೂರು ಹೆಸರಿನದು.

ಉಯಿಲು, ಪ್ರೊಬೇಟು ಅಂತ ಸಿನಿಮಾದಲ್ಲಿ ಕೇಳಿರುತ್ತೀರಿ. ನಮ್ಮ ಕಡೆ ಹಿಂದೂಗಳ ಉಯಿಲಿಗೆ ಪ್ರೊಬೇಟು ಕಡ್ಡಾಯವಲ್ಲ. ನಮ್ಮ ಹಟ್ಟಿಯಲ್ಲಂತೂ ಉಯಿಲು ಬರೆದಿಟ್ಟು ಸತ್ತವರನ್ನು ನಾನು ಕಂಡಿಲ್ಲ. ಜಮೀನು ಇನ್ನೂ ತಾತನ ಹೆಸರಲ್ಲೇ ಇದ್ದರೆ ಮರಣಪತ್ರ, ವಂಶವೃಕ್ಷ ಇಟ್ಟು ಪೌತಿ ಖಾತೆ ಮಾಡಿಸಿ.

ನಮ್ಮ ಕೇಸು ಚಿತ್ರದುರ್ಗದಲ್ಲಿ ನಡೀತಾ ಇದೆ. ನಂಬರು ನನ್ನ ಜೇಬಲ್ಲಿದೆ. ಅತ್ತೆ ಪ್ರತಿ ವಾಯಿದೆಗೂ ಬುತ್ತಿ ಕಟ್ಟಿಕೊಂಡು ಬರ್ತಾಳೆ. ನೀವು ಊರಿಗೆ ಹೋದಾಗ ಟ್ರಂಕಿನ ತಳದಲ್ಲಿ, ದೇವರ ಫೋಟೋ ಹಿಂದೆ ಸಾಗುವಳಿ ಚೀಟಿ ಹುಡುಕಿ. ಅಸಲು ಯಾರ ಕೈಗೂ ಕೊಡಬೇಡಿ. ಜೆರಾಕ್ಸ್ ತನ್ನಿ, ಮುಂದಿನ ಸಭೆಯಲ್ಲಿ ಕೂತು ಒಂದೊಂದೇ ಓದೋಣ.