ಯಾರ ಬೇಟೆಗೆ ಯಾವ ಕ್ಯಾಮೆರಾ?

(ಬಳಗದ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ವನ್ಯಜೀವಿಗಳ ಬೇಟೆಯನ್ನು ಚಿತ್ರೀಕರಿಸಲು ಒಂದು ವಿಡಿಯೊ ಕ್ಯಾಮೆರಾ ಬೇಕೆಂಬ ವಿದ್ಯಾರ್ಥಿಗಳ ಆಸೆಗೆ ನಮ್ಮ ಬಳಗವು ಸ್ವಲ್ಪ ಹಣವನ್ನು ಕೂಡಿಸಿಟ್ಟಿದೆ. ಯಾವುದನ್ನು ಕೊಳ್ಳಬೇಕೆಂದು ಹೇಳುವ ಹೊಣೆಯನ್ನು ನನಗೆ ಒಪ್ಪಿಸಿದ್ದೀರಿ. ಇದೇ ಸಭೆಯ ಕೊನೆಯಲ್ಲಿ, ತೆನೆಗಟ್ಟುತ್ತಿರುವ ಗದ್ದೆಗಳಿಗೆಲ್ಲ ಈ ವರ್ಷ ಇಲಿ ಪಾಷಾಣ ಇಡಬೇಕೇ ಎಂಬ ಪ್ರಶ್ನೆಯೂ ಚರ್ಚೆಗೆ ಬರಲಿದೆ. ಇವೆರಡೂ ಬೇರೆ ಬೇರೆ ವಿಷಯಗಳಂತೆ ತೋರುತ್ತವೆ. ಆದರೆ ಒಂದಕ್ಕೆ ಉತ್ತರ ಕಂಡುಕೊಳ್ಳಲು ಇನ್ನೊಂದು ನೆರವಾಗುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಮನುಷ್ಯರ ಶಿಕಾರಿಯನ್ನು ಚಿತ್ರಿಸಿ ಮೊಬೈಲಿನಿಂದ ಮೊಬೈಲಿಗೆ ಕಳುಹಿಸುವ ಚಟಕ್ಕೆ ಈ ಕ್ಯಾಮೆರಾ ಬಳಕೆಯಾಗಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆ ಎಂಬ ಪದದ ಅರ್ಥ ವಿಶಾಲವಾದುದು. ಕೊಲ್ಲುವುದು ಮಾತ್ರವಲ್ಲ, ಉರುಳು ಹಾಕುವುದು, ಅಟ್ಟಿಸುವುದು, ಆಮಿಷ ಒಡ್ಡುವುದು ಸಹ ಅದರಲ್ಲಿ ಸೇರಿವೆ. ಒಳ್ಳೆಯ ದೃಶ್ಯ ಸಿಗಲೆಂದು ಕೋಳಿಯನ್ನು ಕಟ್ಟಿ ಚಿರತೆಯನ್ನು ಕರೆಯುವವನು ತನ್ನನ್ನು ಛಾಯಾಗ್ರಾಹಕನೆಂದು ಕರೆದುಕೊಂಡರೂ ಕಾನೂನು ಅವನನ್ನು ಬೇಟೆಗಾರನೆಂದು ಕರೆಯಬಲ್ಲದು. ಅಭಯಾರಣ್ಯದೊಳಗೆ ಚಿತ್ರೀಕರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು.

ಬೇಟೆಯ ಚಿತ್ರ ಎಂದೊಡನೆ ನಿಮ್ಮ ಮನಸ್ಸಿಗೆ ಬರುವುದು ಸೀಳುನಾಯಿಗಳ ಹಿಂಡು. ಕೃಪಾಕರ ಮತ್ತು ಸೇನಾನಿ ಅವರು ಬಂಡೀಪುರದ ಸೀಮೆಯಲ್ಲಿ ಆ ಹಿಂಡುಗಳ ಜಾಡು ಹಿಡಿದು ವರ್ಷಗಟ್ಟಲೆ ಅಲೆದರು. ಅವರ ‘ದ ಪ್ಯಾಕ್’ ಚಿತ್ರಕ್ಕೆ 2010ರಲ್ಲಿ ಬ್ರಿಟನ್ನಿನ ವೈಲ್ಡ್‌ಸ್ಕ್ರೀನ್ ಉತ್ಸವದ ಪಾಂಡಾ ಪ್ರಶಸ್ತಿ ದೊರೆಯಿತು. ಅವರ ಬಂಡವಾಳವೆಂದರೆ ಕ್ಯಾಮೆರಾಕ್ಕಿಂತ ಹೆಚ್ಚಾಗಿ ತಾಳ್ಮೆ. ಅಷ್ಟು ಕಾಲ ಕಾಡಿನಲ್ಲಿರಲು ನಿಮಗೆ ಶಾಲೆ ಕಾಲೇಜುಗಳು ಬಿಡುವುದಿಲ್ಲ. ಆದರೆ ಬೇಲಿಯೊಳಗೆ ಪ್ರತಿದಿನ ನೂರಾರು ಬೇಟೆಗಳು ನಡೆಯುತ್ತಿವೆ. ಗದ್ದೆಯ ಜೇಡ ಜಿಗಿಹುಳುವನ್ನು ಹಿಡಿಯುತ್ತದೆ, ಕಣಜ ಕಂಬಳಿಹುಳುವನ್ನು ಹೊತ್ತೊಯ್ಯುತ್ತದೆ, ಕೆರೆಹಾವು ಬದುವಿನ ಬಿಲಕ್ಕೆ ನುಗ್ಗುತ್ತದೆ, ಕಣಜ ಗೂಬೆ ಕತ್ತಲಿನಲ್ಲಿ ಇಲಿಯ ಮೇಲೆರಗುತ್ತದೆ. ನಾವು ಚಿತ್ರಿಸಬೇಕಾದ ಬೇಟೆಗಳು ಇವು ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಬೇಟೆಗಾರ ಎಷ್ಟು ದೂರದಲ್ಲಿರುತ್ತಾನೆ? ಎಷ್ಟು ವೇಗವಾಗಿ ಎರಗುತ್ತಾನೆ? ಆಗ ಬೆಳಕು ಎಷ್ಟಿರುತ್ತದೆ?

ದೂರದ ವಿಷಯದಲ್ಲಿ ನಾನೇ ಮೋಸಹೋಗಿದ್ದೇನೆ. ಹಲವು ವರ್ಷಗಳ ಹಿಂದೆ, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಜೂಮ್ ಸಂಖ್ಯೆಯನ್ನು ನಂಬಿ ಒಂದು ಕ್ಯಾಮೆರಾ ಕೊಂಡೆ. ಕೆರೆಯ ಆಚೆ ದಡದ ಮಿಂಚುಳ್ಳಿ ನೀಲಿ ಚೌಕಗಳ ರಾಶಿಯಾಗಿ ಕಂಡಿತು. ಡಿಜಿಟಲ್ ಜೂಮ್ ಎಂಬುದು ತೆಗೆದ ಚಿತ್ರವನ್ನೇ ಹಿಗ್ಗಿಸುವ ತಂತ್ರ, ಅದರಿಂದ ಹೊಸ ವಿವರವೇನೂ ದೊರೆಯುವುದಿಲ್ಲ. ಮಸೂರಗಳು ಸರಿದು ನಿಜವಾಗಿ ಹತ್ತಿರಕ್ಕೆ ತರುವುದು ಆಪ್ಟಿಕಲ್ ಜೂಮ್. ಕೇಳಬೇಕಾದುದು ಆ ಸಂಖ್ಯೆಯನ್ನು ಮಾತ್ರ. ಜೂಮ್ ಹೆಚ್ಚಿದಂತೆ ಕೈನಡುಕವೂ ಹಿಗ್ಗುವುದರಿಂದ ಗಟ್ಟಿಯಾದ ಮುಕ್ಕಾಲಿಗೆ ಹಣವನ್ನು ಮೊದಲೇ ತೆಗೆದಿಡಿ.

ಇನ್ನು ವೇಗ. ಸೂರ್ಯನ ಕುದುರೆ ತನ್ನ ಮುಂಗಾಲುಗಳನ್ನು ಚಾಚಿ ನೊಣವನ್ನು ಹಿಡಿಯಲು ಸೆಕೆಂಡಿನ ಹತ್ತನೆಯ ಒಂದು ಭಾಗವೂ ಬೇಡ. ಸೆಕೆಂಡಿಗೆ 25 ಚೌಕಟ್ಟುಗಳನ್ನು ತೆಗೆಯುವ ಕ್ಯಾಮೆರಾದಲ್ಲಿ ಈ ಘಟನೆ ಎರಡು ಚೌಕಟ್ಟುಗಳಲ್ಲಿ ಮುಗಿದುಹೋಗುತ್ತದೆ. 120 ಚೌಕಟ್ಟುಗಳನ್ನು ತೆಗೆದು 25ರ ವೇಗದಲ್ಲಿ ತೋರಿಸಿದರೆ ಅದು ಸುಮಾರು ಐದು ಪಟ್ಟು ನಿಧಾನವಾಗಿ ಕಾಣುತ್ತದೆ. ಆದರೆ ಹಾಗೆ ತೆಗೆಯಲು ಒಳ್ಳೆಯ ಬಿಸಿಲು ಬೇಕು. ಅಡಿಕೆ ತೋಟದ ನೆರಳಿನಲ್ಲಿ ಚಿತ್ರ ಕಪ್ಪಾಗುತ್ತದೆ. ಗುಂಡಿ ಒತ್ತುವುದಕ್ಕೆ ಮುಂಚಿನ ಕೆಲವು ಸೆಕೆಂಡುಗಳನ್ನೂ ಉಳಿಸಿಕೊಳ್ಳುವ ಸೌಲಭ್ಯ ಕೆಲವು ಕ್ಯಾಮೆರಾಗಳಲ್ಲಿದೆ. ಬೇಟೆ ಮುಗಿದ ಮೇಲೆ ಬೆರಳು ಎಚ್ಚರಗೊಳ್ಳುವ ನಮ್ಮಂಥವರಿಗೆ ಅದು ವರದಾನ. 4ಕೆ ಎಂಬ ಅಕ್ಷರಕ್ಕೆ ಮಾತ್ರ ಮರುಳಾಗಬೇಡಿ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಒಂದು ಗಂಟೆಯ ಚಿತ್ರಣ 45 ಗಿಗಾಬೈಟ್ ಜಾಗವನ್ನು ನುಂಗುತ್ತದೆ. 28 ಮೆಗಾಬಿಟ್ ದರದ ಫುಲ್ ಎಚ್‌ಡಿ ಆದರೆ ಸುಮಾರು 13 ಗಿಗಾಬೈಟ್ ಸಾಕು. ಅಧ್ಯಯನಕ್ಕೆ ಇದು ಧಾರಾಳ.

ಮೂರನೆಯದು ಬೆಳಕು. ರಾತ್ರಿಯ ಬೇಟೆಗೆ ನಾವು ಟಾರ್ಚ್ ಹಿಡಿದು ನಿಂತರೆ ಗೂಬೆಯೂ ಬಾರದು, ಇಲಿಯೂ ಬಾರದು. ಮರಕ್ಕೆ ಕಟ್ಟಿಬರುವ ಕ್ಯಾಮೆರಾ ಟ್ರ್ಯಾಪ್ ಇಲ್ಲಿ ಉಪಯುಕ್ತ. ಅದರ ಅವಕೆಂಪು ದೀಪಗಳಲ್ಲಿ ಎರಡು ಬಗೆಯಿವೆ. 850 ನ್ಯಾನೊಮೀಟರಿನದು ಹೆಚ್ಚು ದೂರ ಬೆಳಗುತ್ತದೆ, ಆದರೆ ದೀಪದಲ್ಲಿ ಮಂದವಾದ ಕೆಂಪು ಕಾಣುತ್ತದೆ. 940ರದು ಕಣ್ಣಿಗೆ ಕಾಣುವುದಿಲ್ಲ, ಆದರೆ ಬೆಳಗುವ ದೂರ ಕಡಿಮೆ. ಪ್ರಾಣಿಗೆ ತೊಂದರೆಯಾಗಬಾರದೆಂಬ ಕಾರಣದಿಂದ ನಾನು ಎರಡನೆಯದನ್ನು ಆರಿಸುತ್ತೇನೆ. ಈ ಉಪಕರಣ ಎಚ್ಚರಗೊಳ್ಳುವುದು ಚಲಿಸುವ ದೇಹದ ಬಿಸಿಗೆ. ತಣ್ಣನೆಯ ಮೈಯ ಹಾವು, ಕಪ್ಪೆ, ಕೀಟಗಳನ್ನು ಅದು ಬಹಳ ಸಲ ಗುರುತಿಸದು. ಅವುಗಳಿಗಾಗಿ ಮನುಷ್ಯನೇ ಕಾದು ಕುಳಿತುಕೊಳ್ಳಬೇಕು.

ನಮ್ಮ ಮಳೆಗಾಲವನ್ನು ಮರೆತು ಯಾವ ಯಂತ್ರವನ್ನೂ ಕೊಳ್ಳಬಾರದು. ಮಂಜಿನ ರಾತ್ರಿಯಲ್ಲಿ ಅವಕೆಂಪು ಬೆಳಕು ಹನಿಗಳಿಗೆ ಬಡಿದು ಮರಳಿ ಚಿತ್ರ ಬೆಳ್ಳಗಾಗುತ್ತದೆ. ತೇವದಿಂದ ಮಸೂರದೊಳಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ ಮತ್ತು ಸಿಲಿಕಾ ಜೆಲ್ ಇಲ್ಲಿ ಕ್ಯಾಮೆರಾದಷ್ಟೇ ಅಗತ್ಯ.

ಇನ್ನು ತಾಯಂದಿರು ಎತ್ತಿದ ಆಕ್ಷೇಪಣೆಗೆ ಬರುತ್ತೇನೆ. ಸೊಪ್ಪಿನಬೆಟ್ಟದ ಹಾದಿಯಲ್ಲಿ ಕಟ್ಟಿದ ಕ್ಯಾಮೆರಾ ದರಕಿಗೆ ಹೋಗುವ ಹೆಂಗಸರನ್ನೂ ಚಿತ್ರಿಸುತ್ತದೆ ಎಂದಿರಿ. ಆಕ್ಷೇಪಣೆ ನ್ಯಾಯವಾದುದು. ಹಾದಿ, ಹಳ್ಳದ ಸ್ನಾನಘಟ್ಟ ಇವುಗಳ ಬಳಿ ಕ್ಯಾಮೆರಾ ಕಟ್ಟಬಾರದು, ಜಮೀನಿನವರ ಒಪ್ಪಿಗೆ ಇರಬೇಕು, ಕಟ್ಟಿದ ಸ್ಥಳ ಊರಿಗೆಲ್ಲ ತಿಳಿದಿರಬೇಕು, ಮನುಷ್ಯರ ಚಿತ್ರ ಬಂದರೆ ಯಾರಿಗೂ ತೋರಿಸದೆ ಅಳಿಸಬೇಕು. ಈ ನಿಯಮಗಳನ್ನು ಇಂದೇ ಬರೆದಿಡೋಣ. ಇವಿಲ್ಲದೆ ಕ್ಯಾಮೆರಾ ಬೇಡ.

ಈಗ ಪಾಷಾಣದ ಪ್ರಶ್ನೆ. ಇಲಿಯಿಂದಾಗುವ ನಷ್ಟ ಸುಳ್ಳೆಂದು ನಾನು ಹೇಳುವುದಿಲ್ಲ, ನನ್ನ ಗದ್ದೆಯ ತೆನೆಗಳೂ ನೆಲಕ್ಕೆ ಬಿದ್ದಿವೆ. ಆದರೆ ಬ್ರೊಮಾಡಿಯೊಲೋನ್ ತಿಂದ ಇಲಿ ಅಂದೇ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದಿ, ಕೆಲವು ದಿನ ತೂಕಡಿಸುತ್ತ ಬಯಲಿನಲ್ಲಿ ಅಲೆಯುತ್ತದೆ. ಗೂಬೆಗೆ ಅದು ಸುಲಭದ ತುತ್ತು. ಆ ವಿಷ ಗೂಬೆಯ ಪಿತ್ತಜನಕಾಂಗದಲ್ಲಿ ಸಂಗ್ರಹವಾಗುತ್ತದೆ. ಹಿಂದೆ ನಮ್ಮ ಪಕ್ಕದ ಗದ್ದೆಗಳಿಗೆ ಪಾಷಾಣವಿಟ್ಟ ವಾರದಲ್ಲಿ ನಮ್ಮ ಕೊಟ್ಟಿಗೆಯ ಹಿಂದೆ ಒಂದು ಕಣಜ ಗೂಬೆ ಸತ್ತು ಬಿದ್ದಿತ್ತು. ಪರೀಕ್ಷೆ ಮಾಡಿಸಲಿಲ್ಲವಾದ್ದರಿಂದ ಕಾರಣ ಅದೇ ಎಂದು ಸಾಧಿಸಲಾರೆ. ಆದರೆ ಅನಂತರ ಅಲ್ಲಿ ಗೂಬೆಯ ಕೂಗು ಕೇಳಲಿಲ್ಲ, ಇಲಿಗಳು ಮಾತ್ರ ಮರಳಿ ಬಂದವು.

ಬೇಟೆಗಾರನನ್ನು ಕೊಂದರೆ ಬಲಿಪ್ರಾಣಿ ಹೆಚ್ಚುತ್ತದೆ ಎಂಬುದಕ್ಕೆ ಭತ್ತದ ಚರಿತ್ರೆಯಲ್ಲೇ ಸಾಕ್ಷಿಯಿದೆ. ಇಂಡೊನೇಷ್ಯಾದಲ್ಲಿ ಕೀಟನಾಶಕಗಳು ಜೇಡ ಮುಂತಾದ ಮಿತ್ರಜೀವಿಗಳನ್ನು ಕೊಂದುದರಿಂದ ಕಂದು ಜಿಗಿಹುಳು ವಿಪರೀತ ಹೆಚ್ಚಿತು. ಕೊನೆಗೆ 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು.

ಆದ್ದರಿಂದ ನನ್ನ ಸಲಹೆ ಇದು. ಒಂದೇ ದುಬಾರಿ ಕ್ಯಾಮೆರಾ ಬೇಡ. 940ರ ದೀಪವುಳ್ಳ ಎರಡು ಕ್ಯಾಮೆರಾ ಟ್ರ್ಯಾಪ್, ಒಳ್ಳೆಯ ಆಪ್ಟಿಕಲ್ ಜೂಮ್ ಇರುವ ಒಂದು ಸಾಧಾರಣ ಕ್ಯಾಮೆರಾ, ಒಂದು ಮುಕ್ಕಾಲಿ ಕೊಳ್ಳೋಣ. ಕೀಟಗಳಿಗೆ ನಿಮ್ಮ ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೊ ಮಸೂರ ಸಾಕು. ಊರ ಹಳೆಯ ಗೋಣಿಮರದ ಪೊಟರೆಯಲ್ಲಿ ಈಗಲೂ ಗೂಬೆಯ ಜೋಡಿಯಿದೆ. ಪೊಟರೆಯ ಬಾಯಿಗಲ್ಲ, ಅವು ಬಂದು ಕೂರುವ ಕೊಂಬೆಗೆ ಎದುರಾಗಿ, ದೂರದಿಂದ ಕ್ಯಾಮೆರಾ ಇಟ್ಟು ರಾತ್ರಿಗೆ ಎಷ್ಟು ಇಲಿ ತರುತ್ತವೆಂದು ಎಣಿಸೋಣ. ಮರದಡಿ ಅವು ಉಗುಳಿದ ಉಂಡೆಗಳನ್ನು ಬಿಡಿಸಿ ಇಲಿಯ ತಲೆಬುರುಡೆಗಳನ್ನು ಲೆಕ್ಕಹಾಕೋಣ. ಅದಕ್ಕೆ ಯಾವ ಕ್ಯಾಮೆರಾವೂ ಬೇಕಿಲ್ಲ. ಆ ಮರದ ಸುತ್ತಲಿನ ಗದ್ದೆಗಳಲ್ಲಿ ಈ ವರ್ಷ ಪಾಷಾಣವನ್ನು ಬಿಟ್ಟು ಬೋನು ಇಡುವುದು, ಬಿಲ ಅಗೆಯುವುದು, ಗೂಬೆ ಕೂರಲು ಟಿ ಆಕಾರದ ಕೋಲು ನೆಡುವುದು, ಇಷ್ಟನ್ನು ಮಾಡೋಣ. ಉಳಿದ ಗದ್ದೆಗಳ ವಿಚಾರವನ್ನು ನೀವು ತೀರ್ಮಾನಿಸಿ. ಕೊಯ್ಲಿನ ಹೊತ್ತಿಗೆ ಎರಡೂ ಕಡೆಯ ನಷ್ಟವನ್ನು ಅಳೆದು ಇದೇ ಸಭೆಯ ಮುಂದಿಡುತ್ತೇನೆ. ನನ್ನ ಎಣಿಕೆ ತಪ್ಪಾಗಿದ್ದರೆ ಅದನ್ನೂ ಹೇಳುತ್ತೇನೆ.

ಆಗದ ಕೆಲಸಕ್ಕೆಲ್ಲ ಇನ್ನೊಬ್ಬರ ಮೇಲೆ ಗೂಬೆ ಕೂರಿಸುವುದು ನಮ್ಮ ವಾಡಿಕೆ. ಒಂದು ವರ್ಷ ಗೂಬೆಯನ್ನು ಗದ್ದೆಯಲ್ಲೇ ಕೂರಿಸಿ ನೋಡೋಣ.