ಬಂದವರೆಷ್ಟು, ಮರಳಿ ಬಂದವರೆಷ್ಟು?

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ವಿಡಿಯೋ ಗೇಮ್ ಎಂದೊಡನೆ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಆಡಿರೆಂದು ಹೇಳಲು ನಾನು ನಿಂತಿಲ್ಲ. ಅದನ್ನು ತಯಾರಿಸುವವರ ಬಗ್ಗೆ ಎರಡು ಮಾತು ಹೇಳಬೇಕಿದೆ. ದೊಡ್ಡ ಕಂಪನಿಯ ಆಸರೆಯಿಲ್ಲದೆ ಗೇಮ್ ಮಾಡುವವರಿದ್ದಾರೆ. ಅಮೆರಿಕದ ಎರಿಕ್ ಬರೋನ್ 'ಸ್ಟಾರ್‌ಡ್ಯೂ ವ್ಯಾಲಿ'ಯ ಚಿತ್ರ, ಸಂಗೀತ, ಕಥೆ, ಪ್ರೋಗ್ರಾಮಿಂಗ್ ಎಲ್ಲವನ್ನೂ ಒಬ್ಬರೇ ಮಾಡಿದರು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ದುಡಿದು 2016ರಲ್ಲಿ ಅದನ್ನು ಹೊರತಂದರು. ಜನ ನಿಜವಾಗಿ ಮೆಚ್ಚಿದರೇ ಎಂಬುದು ಇಂಥವರಿಗೆ ಹೊಟ್ಟೆಪಾಡಿನ ಪ್ರಶ್ನೆ.

ಅದನ್ನು ಅಳೆಯುವುದು ಹೇಗೆ? ಡೌನ್‌ಲೋಡ್, ಲೈಕ್‌ಗಳ ಲೆಕ್ಕ ಸುಲಭ. ಆದರೆ ಬಾಗಿಲಲ್ಲಿ ಇಣುಕಿದವರೆಲ್ಲ ಅತಿಥಿಗಳಲ್ಲ. ಮುಶಾಯಿರಾದಲ್ಲಿ 'ವಾಹ್ ವಾಹ್' ಶಿಷ್ಟಾಚಾರಕ್ಕೂ ಬರುತ್ತದೆ. 'ಮುಕರ್ರರ್', ಅಂದರೆ ಮತ್ತೊಮ್ಮೆ ಹೇಳಿ ಎಂಬ ಕೂಗು ಬಂದಾಗಲೇ ಶೇರ್ ಮನಸ್ಸಿಗೆ ತಾಗಿದೆ ಎಂದರ್ಥ. ಗೇಮಿನಲ್ಲೂ ಹಾಗೆಯೇ. ಮರುದಿನ, ಮರುವಾರ ಎಷ್ಟು ಜನ ಮರಳಿ ಬಂದರು ಎಂಬುದೇ ನೋಡಬೇಕಾದ ಅಂಕಿ.

ಗೇಮ್ ಮಾರುವ ಅಂತರ್ಜಾಲ ಮಳಿಗೆ 'ಸ್ಟೀಮ್'ನಲ್ಲಿ ಪ್ರತಿ ವಿಮರ್ಶೆಯ ಪಕ್ಕದಲ್ಲೇ ಬರೆದವರು ಎಷ್ಟು ಗಂಟೆ ಆಡಿದ್ದಾರೆಂದು ನಮೂದಾಗಿರುತ್ತದೆ. ಹೊರಗಿನಿಂದ ಉಚಿತವಾಗಿ ಪ್ರತಿ ಪಡೆದವರ ಹೊಗಳಿಕೆಯನ್ನು 2016ರಿಂದ ಅದು ಅಂಕದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಟದ ಯಾವ ಘಟ್ಟವನ್ನು ಶೇಕಡಾ ಎಷ್ಟು ಮಂದಿ ಮುಟ್ಟಿದರೆಂಬುದನ್ನೂ ಅಲ್ಲಿ ನೋಡಬಹುದು.

ಆದರೆ ಗಂಟೆಗಳ ಲೆಕ್ಕವೂ ಮೋಸ ಮಾಡೀತು. ದಿನಕ್ಕೊಂದು ಬಹುಮಾನದ ಆಸೆ ತೋರಿಸಿ ಮಕ್ಕಳನ್ನು ಕಟ್ಟಿಹಾಕುವ ಆಟಗಳಿವೆ. ಅದು ಪ್ರೀತಿಯಲ್ಲ, ಚಟ. ಮೂರು ಗಂಟೆಯಲ್ಲಿ ಮುಗಿಯುವ ಆಟವನ್ನು ಕೊನೆಯವರೆಗೆ ಆಡಿ ಗೆಳೆಯನಿಗೂ ಹೇಳಿದರೆ, ಅದು ಪ್ರೀತಿ.

'ಅಮಾಂಗ್ ಅಸ್' ಆಟವನ್ನು ನೋಡಿ. 2018ರಲ್ಲಿ ಮೂರೇ ಜನರ ತಂಡ ಅದನ್ನು ಹೊರತಂದಾಗ ಹೆಚ್ಚಿನವರು ಗಮನಿಸಲಿಲ್ಲ. ಆದರೂ ಆಡುತ್ತಿದ್ದ ಕೆಲವರು ಬಿಡಲಿಲ್ಲ. ಅವರಿಗಾಗಿ ತಂಡ ಆಟವನ್ನು ತಿದ್ದುತ್ತಲೇ ಹೋಯಿತು. 2020ರಲ್ಲಿ, ಕೊರೋನಾ ಕಾಲದಲ್ಲಿ, ಇತರರು ಆಡುವುದನ್ನು ವಿಡಿಯೋದಲ್ಲಿ ನೋಡಿದವರು ತಾವೂ ಆಡತೊಡಗಿದರು. ಆ ಸೆಪ್ಟೆಂಬರ್‌ನಲ್ಲಿ ಸ್ಟೀಮ್ ಒಂದರಲ್ಲೇ ಏಕಕಾಲಕ್ಕೆ 4 ಲಕ್ಷಕ್ಕೂ ಹೆಚ್ಚು ಜನ ಆಡಿದರು. ಮೊದಲಿನ ಆ ಕೆಲವರನ್ನು ಕಡೆಗಣಿಸಿದ್ದರೆ ಈ ದಿನ ಬರುತ್ತಿತ್ತೇ?

ವಿದ್ಯಾರ್ಥಿಗಳೇ, ನಾಳೆ ನೀವು ಗೇಮ್ ಮಾಡಬಹುದು, ಪತ್ರಿಕೆ ನಡೆಸಬಹುದು, ಪಾಠ ಹೇಳಬಹುದು. ಲೈಕ್ ಕಡಿಮೆಯಾಯಿತೆಂದು ಕೈ ಚೆಲ್ಲಬೇಡಿ, ಹೆಚ್ಚಾಯಿತೆಂದು ಬೀಗಬೇಡಿ. ಮರಳಿ ಬಂದ ಹತ್ತು ಜನರನ್ನು ಕೂರಿಸಿ, ಏಕೆ ಬಂದಿರೆಂದು ಕೇಳಿ. ಹಿರಿಯರೇ, ನಮ್ಮ ಸಂಘದ ಕಾರ್ಯಕ್ರಮಗಳಿಗೂ ಇದೇ ಅಳತೆಗೋಲು ಇರಲಿ.

ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರಕತ್ ನೀಡಲಿ. ವಸ್ಸಲಾಮ್.